ಸಿಲಿಂಡರಿನೊಳಗೆ ಅಕ್ಷತೆ

ದಂಡಿನ ಹರಾಜಿನಲ್ಲಿ ಕೊಂಡ ಹಳೇ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಚಾಮರಾಜಪೇಟೆಯ ನಮ್ಮ ಮನೆಯ ಸೌದೆ ಕೋಣೆಯಲ್ಲಿ ಪೂರ್ತಿ ಬಿಚ್ಚಿ, ತೊಳೆದು, ಹೇಗೋ ಮತ್ತೆ ಜೋಡಿಸಿದ್ದೆ. ಮಳೆಗಾಲವೆಲ್ಲ ಅದಕ್ಕೇ ಹೋಗಿತ್ತು. ಇನ್ನು ಸಿಲಿಂಡರಿನ ನೆತ್ತಿಯ ತೂತಿಗೆ ಪ್ಲಗ್ಗು ಕೂರಿಸಿ ಬಿಗಿದರೆ ಮುಗಿಯಿತು ಅನ್ನುವಾಗ ನೋಡುತ್ತೇನೆ, ಸ್ಪ್ಯಾನರೇ ಇಲ್ಲ!

ಅದು ದೇವರ ಮನೆಯಲ್ಲಿತ್ತು. ಅವತ್ತು ಆಯುಧಪೂಜೆ. ನಮ್ಮ ಸೋದರತ್ತೆ ಈಳಿಗೆಮಣೆ, ಕತ್ತರಿಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿ ಮಲಗಿಸಿದ್ದರು.

"ಅತ್ತೆ, ಒಂದೇ ಒಂದು ತಿರುವು. ಆಮೇಲೆ ವಾಪಸ್ ಇಟ್ಬಿಡ್ತೀನಿ."

"ಪೂಜೆಗಿಟ್ಟಿದ್ದನ್ನ ಮುಟ್ತಾರೇನೋ? ನಾಳೆ ತೊಗೋ. ಸಾಯಂಕಾಲ ನಿನ್ನ ಎಂಜಿನ್ನಿಗೂ ಪೂಜೆ ಮಾಡ್ತೀನಿ, ಸುಮ್ನಿರು."

ಆ ಕೊನೆಯ ಮಾತಿಗೆ ನಾನು ಕಿವಿಗೊಡಲಿಲ್ಲ. ಹಲ್ಲು ಕಚ್ಚಿಕೊಂಡು ಕಾದೆ. ಮರುದಿನ ಸ್ಪ್ಯಾನರಿಗೆ ಬಿಡುಗಡೆಯಾಯಿತು. ಪ್ಲಗ್ಗು ಬಿಗಿದು ಕಾಲಲ್ಲಿ ಒಂದು ಒದೆ ಕೊಟ್ಟರೆ ಒಳಗಿಂದ ಕರಕರ ಸದ್ದು!

"ಅತ್ತೆ, ಇದರೊಳಗೆ ಏನು ಹಾಕಿದ್ರಿ?"

"ಅಕ್ಷತೆ ಕಣೋ. ಮೇಲೆ ಹಾಕಿದ್ರೆ ಜಾರಿ ಬೀಳ್ತಿತ್ತು. ತೂತು ಕಾಣಿಸ್ತು, ಅದರೊಳಕ್ಕೇ ಹಾಕ್ದೆ."

ಸಿಲಿಂಡರನ್ನು ಮತ್ತೆ ಬಿಚ್ಚಿದೆ. ಎಣ್ಣೆ ಮೆತ್ತಿದ ಅಕ್ಕಿಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಬಿಸಾಡಲು ಕೈಯೆತ್ತಿದರೆ ಬಾಗಿಲಲ್ಲಿ ಅತ್ತೆ.

"ತುಳಿಯೋ ಕಡೆ ಹಾಕ್ಬೇಡ್ವೋ! ಗಿಡದ ಬುಡಕ್ಕೆ ಹಾಕು."

ಅಷ್ಟು ಕೋಪದಲ್ಲೂ ಆ ಕರಿ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ದಾಸವಾಳದ ಗಿಡದವರೆಗೆ ಹೋಗಿ ಬಂದೆ.

ಗಾಡಿ ಕಡೆಗೂ ಓಡಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಒಂದೇ ಒದೆತಕ್ಕೆ ಹೊರಟರೆ ಅತ್ತೆಯ ಅಕ್ಷತೆಯ ಮಹಿಮೆ; ದಾರಿಯಲ್ಲಿ ಕೆಟ್ಟು ನಿಂತರೆ ನನ್ನ ಕೈಗುಣ.