ಬಿಳಿ ಸೀರೆಗೆ ಅರಿಶಿನ

"ನಿಮ್ಮನ್ನು ಯಾರಾದರೂ ಬಲವಂತ ಮಾಡಿದ್ದಾರಾ?" ಎಂದು ಫಾದರ್ ಗಂಭೀರವಾಗಿ ಕೇಳಿದಾಗ ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಕಿಸಕ್ಕನೆ ನಕ್ಕುಬಿಟ್ಟ.

"ಇವಳನ್ನ ಬಲವಂತ ಮಾಡೋರು ಇನ್ನೂ ಹುಟ್ಟಿಲ್ಲ ಫಾದರ್. ಮನೇಲಿ ಇವತ್ತು ಯಾವ ಸಾರು ಅಂತ ಹೇಳೋಕೂ ನಂಗೆ ಧೈರ್ಯ ಇಲ್ಲ" ಎಂದ.

ಮಾತು ನಿಜವೇ. ನಾನು ಕಿಕ್ಕೇರಿ ಕಡೆಯ ಒಕ್ಕಲಿಗರ ಮನೆಯ ಹುಡುಗಿ. ಶ್ರೀರಂಗಪಟ್ಟಣದ ಈ ಕ್ರೈಸ್ತರ ಮನೆಗೆ ಮೆಚ್ಚಿ ಮದುವೆಯಾಗಿ ಬಂದವಳು. ನೀನೂ ನಮ್ಮ ಹಾಗೆ ಆಗು ಅಂತ ಯಾರೂ ಒಂದು ಮಾತು ಅಂದಿರಲಿಲ್ಲ. ಅತ್ತೆಗೆ ಮಂಡಿನೋವು, ಅದಕ್ಕೇ ಭಾನುವಾರ ಅವರ ಕೈಹಿಡಿದು ಚರ್ಚಿಗೆ ಕರೆದೊಯ್ಯುತ್ತಿದ್ದೆ, ಅಷ್ಟೆ. ಅವರು ತೀರಿಕೊಂಡ ಮೇಲೆ ನನಗಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಕಾಲು ಆ ಕಡೆಗೇ ಎಳೆಯುತ್ತಿತ್ತು. ಅಲ್ಲಿ ಕೂತರೆ ನನ್ನ ಬಾಯಿ, ನನ್ನ ಸಿಟ್ಟು ಎರಡೂ ಸುಮ್ಮನಾಗುತ್ತಿದ್ದವು. ಒಂದು ದಿನ ಗಂಡನಿಗೆ ಹೇಳಿಯೇಬಿಟ್ಟೆ, "ನೆಂಟರ ಥರ ಹಿಂದಿನ ಬೆಂಚಲ್ಲಿ ಕೂತಿದ್ದು ಸಾಕು, ನಾನೂ ಪಂಕ್ತಿಗೆ ಕೂತ್ಕತೀನಿ."

ಪಂಕ್ತಿಗೆ ಕೂರುವುದು, ಅಂದರೆ ದೀಕ್ಷೆ ಪಡೆದು ಅವರಲ್ಲೊಬ್ಬಳಾಗುವುದು, ಅಷ್ಟು ಸುಲಭವಲ್ಲ ಅಂತ ಆಮೇಲೆ ಗೊತ್ತಾಯಿತು. ವರ್ಷವಿಡೀ ಉಪದೇಶದ ತರಗತಿ. ಜೊತೆಗಿದ್ದವರೆಲ್ಲ ಐದನೇ ಕ್ಲಾಸು, ಆರನೇ ಕ್ಲಾಸಿನ ಮಕ್ಕಳು. ನಾನು ಪ್ರಾರ್ಥನೆ ತಪ್ಪು ಹೇಳಿದರೆ ಎರಡು ಜಡೆಯ ಹುಡುಗಿಯೊಬ್ಬಳು ತಕ್ಷಣ, "ಆಂಟಿ, ಅದು ಅಂಗಲ್ಲ, ಮೊದಲಿಂದ ಹೇಳಿ" ಅನ್ನುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು. ಮೊದಲಿಂದ ಹೇಳುತ್ತಿದ್ದೆ.

ಊರಿನಲ್ಲಿ ಅವ್ವ ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದಳು. ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಬಾಡು ತಿನ್ನಲ್ಲ ಅಂದಾಗಲೂ, "ಶ್ರಾವಣದಾಗೆ ನಾವೂ ಬುಡ್ತೀವಲ್ಲ, ಬುಡು" ಅಂದಿದ್ದಳು. ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ದೀಕ್ಷಾಸ್ನಾನ, ಅವತ್ತು ಬಿಳಿ ಸೀರೆ ಉಡಬೇಕು ಎಂದಾಗ ಮಾತ್ರ ಫೋನಿನಲ್ಲಿ ಸಿಡಿದಳು.

"ಗಂಡ ಗುಂಡುಕಲ್ಲಂಗವ್ನೆ. ಮುತ್ತೈದೆ ಬಿಳಿ ಸೀರೆ ಉಟ್ಕಂಡು ನಿಂತ್ಕತಾಳಾ? ಅದ ನಾನು ಕಣ್ಣಾರೆ ನೋಡ್ಬೇಕಾ? ನಾನು ಬರಾಕಿಲ್ಲ ಕಣಮ್ಮಿ."

"ಬರದಿದ್ರೆ ಬುಡು" ಎಂದು ನಾನೂ ಫೋನ್ ಇಟ್ಟೆ. ಇಟ್ಟವಳು ಅಡುಗೆಮನೆಯಲ್ಲಿ ನಿಂತು ಚೆನ್ನಾಗಿ ಅತ್ತೆ. ತವರಿಂದ ಹೊರಡುವಾಗಲೆಲ್ಲ ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿ ಸೆರಗಿಗೆ ಮಡಿಲಕ್ಕಿ ಹಾಕದೆ ಕಳಿಸಿದವಳಲ್ಲ. ಅವಳು ಈ ದಿನ ಬಾರದಿದ್ದರೆ ಇನ್ನು ಆ ಅಕ್ಕಿಯೂ ಇಲ್ಲ, ತವರೂ ಇಲ್ಲ ಅನ್ನಿಸಿತು.

ಫಾದರ್ ಬಳಿ ಹೋಗಿ ಬೇರೆ ಬಣ್ಣ ಆಗಲ್ವಾ ಎಂದು ಕೇಳಿದೆ. "ಇದು ದುಃಖದ ಬಿಳಿ ಅಲ್ಲಮ್ಮ, ಹೊಸ ಹುಟ್ಟಿನ ಬಿಳಿ. ಅಮ್ಮನಿಗೆ ಬಿಡಿಸಿ ಹೇಳಿ" ಎಂದರು.

"ನೀವೇ ಹೇಳಿ ಫಾದರ್, ಅವಳು ನನಗಿಂತ ಜೋರು" ಎಂದೆ. ಅವರಿಗೂ ಧೈರ್ಯ ಬರಲಿಲ್ಲ.

ದೀಕ್ಷಾಸ್ನಾನದ ದಿನ ಸಂಜೆ ನನ್ನ ಜ್ಞಾನತಾಯಿ, ಅಂದರೆ ದೀಕ್ಷೆಯಲ್ಲಿ ನನ್ನ ಪರವಾಗಿ ನಿಲ್ಲುವ ನೆರೆಮನೆಯ ಅಜ್ಜಿ, ತಾವೇ ಕೊಂಡಿದ್ದ ಬಿಳಿ ಸೀರೆ ಹಿಡಿದು ಬಂದರು. ಅದನ್ನು ಬಿಡಿಸುತ್ತಿರುವಾಗಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ನೋಡಿದರೆ ಅವ್ವ! ಎರಡು ಬಸ್ಸು ಬದಲಾಯಿಸಿ ಬೆವೆತು ಬಂದಿದ್ದಾಳೆ. ಚೀಲದಿಂದ ತೆಗೆದದ್ದು ಅಗಲವಾದ ಕೆಂಪಂಚಿನ ಬಿಳಿ ಸೀರೆ. ಹೊಸ ಬಟ್ಟೆಗೆ ಹಚ್ಚುವ ಹಾಗೆ ಸೆರಗಿನ ಮೂಲೆಗೆ ಆಗಲೇ ಅರಿಶಿನ ಹಚ್ಚಿದ್ದಳು.

"ಪ್ಯಾಟೆ ಅಂಗ್ಡಿಯೋನ್ಗೆ ಮುತ್ತೈದೆ ಉಡೋ ಬಿಳಿ ಸೀರೆ ಕೊಡಪ್ಪ ಅಂದೆ. ಅಂಗಡಿಯೆಲ್ಲ ಕಿತ್ತಾಕ್ದ, ಪಾಪ" ಎಂದಳು. ನಾನು ಏನೋ ಹೇಳಲು ಹೋದೆ. "ಅಳಬ್ಯಾಡ, ಮೊದ್ಲು ಉಟ್ಕೋ" ಎಂದು ಗದರಿದಳು.

ಅಜ್ಜಿ ತಮ್ಮ ಸೀರೆಯನ್ನು ಮಡಚಿದರು. "ಹೆತ್ತತಾಯಿ ತಂದಿದ್ದನ್ನೇ ಉಟ್ಕೊಳ್ಳಲಿ. ನಂದು ಮುಂದಿನ ಭಾನುವಾರಕ್ಕೆ" ಎಂದರು.

ಕತ್ತಲಾದ ಮೇಲೆ ಚರ್ಚಿನ ಅಂಗಳದಲ್ಲಿ ಬೆಂಕಿ ಹಚ್ಚಿ, ಅದರಿಂದ ದೊಡ್ಡ ಮೇಣದಬತ್ತಿ ಹೊತ್ತಿಸಿ ಒಳಗೆ ನಡೆದೆವು. ಫಾದರ್ ನನ್ನ ತಲೆಯ ಮೇಲೆ ಮೂರು ಬಾರಿ ನೀರು ಸುರಿದರು. ನಾನಿನ್ನೂ ಬಗ್ಗಿದ ತಲೆ ಎತ್ತಿರಲಿಲ್ಲ, ಅವ್ವ ಬೆಂಚಿನಿಂದೆದ್ದು ಬಂದವಳೇ ತನ್ನ ಸೆರಗಿನಿಂದ ನನ್ನ ತಲೆ ಒರೆಸತೊಡಗಿದಳು. "ಇವ್ಳಿಗೆ ಬಿರ್ರನೆ ಸೀತ ಆಯ್ತದೆ ಸ್ವಾಮಿ" ಎಂದಳು ಫಾದರಿಗೆ. ಎರಡು ಜಡೆಯ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಫಾದರ್ ಕೈಯಲ್ಲಿ ಪಾತ್ರೆ ಹಿಡಿದು ಒರೆಸಿ ಮುಗಿಯುವವರೆಗೂ ಕಾದರು. ಆಮೇಲೆ ನನ್ನ ಕೈಗೆ ದೀಪ ಬಂತು, ಹಣೆಗೆ ಪರಿಮಳದ ಎಣ್ಣೆ ಬಂತು. ಕೊನೆಗೆ ಪಂಕ್ತಿಯಲ್ಲಿ ನಿಂತು ಮೊದಲ ಪ್ರಸಾದ ತೆಗೆದುಕೊಂಡೆ. ಆ ಸಂತೋಷವನ್ನು ನನ್ನಂಥ ಬಾಯಿಬಡುಕಿಯೂ ಹೇಳಲಾರಳು.

ಮನೆಗೆ ಬರುವಾಗ ಅವ್ವ ಯೋಚಿಸುತ್ತಲೇ ಇದ್ದಳು. "ನೀರು, ದೀಪ, ಹೊಸ ಸೀರೆ, ಎಣ್ಣೆ. ಎಲ್ಲ ನಮ್ಮಂಗೇಯ ಕಣಮ್ಮಿ. ನಾವು ಎಣ್ಣೆ ಒತ್ತಿ ನೀರು ಉಯ್ತೀವಿ, ನೀವು ನೀರು ಉಯ್ದು ಎಣ್ಣೆ ಒತ್ತೀರಿ. ಅಷ್ಟೇಯ."

ಮರುದಿನ ಹಬ್ಬದೂಟ ಮುಗಿಸಿ ಬಸ್ಸಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಆ ಸೀರೆ ಉಟ್ಕಂಡ್ ಬಾ, ಮಣೆ ಹಾಕು" ಎಂದಳು. ಚೀಲದ ತಳದಲ್ಲಿ ಅಕ್ಕಿ, ಕೊಬ್ಬರಿ, ಎಲೆಅಡಿಕೆ ಎಲ್ಲ ಊರಿಂದಲೇ ಬಂದಿದ್ದವು.

"ಮಡಿಲಕ್ಕಿ ತವರಲ್ಲಿ ಹಾಕಾದು ಕಣವ್ವ. ಇದು ನನ್ ಮನೆ. ಹೊರಟಿರೋಳು ನೀನು" ಎಂದೆ.

"ನಾನೆಲ್ಲಿರ್ತೀನೋ ಅದೇ ನಿನ್ ತವ್ರು. ಬಾಯ್ ಮುಚ್ಕಂಡು ಸೆರಗು ಹಿಡಿ."

ಅರಿಶಿನದ ಮೂಲೆ ಮೇಲೆ ಬರುವಂತೆ ಸೆರಗು ಹಿಡಿದು ಕೂತೆ. ಅವ್ವ ಬೊಗಸೆ ತುಂಬಾ ಅಕ್ಕಿ ಸುರಿದಳು.