ಕೋಳಿ ಕೂಗದ ಹಟ್ಟಿಯಲ್ಲಿ ಜಪದವ್ವ

ಇಲ್ಲಿ ಬೆಳಗಿನ ಜಾವ ಕೋಳಿ ಕೂಗುವುದಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಂಡಿದಾರಿಯಲ್ಲಿ ದನಗಾಹಿಗಳ ಹಟ್ಟಿಯೊಂದಿದೆ. ಅಲ್ಲಿ ಮೊದಲ ಸಲ ತಂಗಿದಾಗ ಬಿಸಿಲು ಮುಖಕ್ಕೆ ಬಿದ್ದ ಮೇಲೇ ನನಗೆ ಎಚ್ಚರವಾಯಿತು. ನಮ್ಮ ಕರಾವಳಿಯಲ್ಲಿ ಅಂಗಳಕ್ಕೊಂದು ಹುಂಜ. ಇಲ್ಲಿ ಇಡೀ ಹಟ್ಟಿಯಲ್ಲಿ ಒಂದು ಗರಿಯೂ ಕಾಣಲಿಲ್ಲ. ನಮ್ಮ ಕಂಬಳಿ ಸಾಗಿಸುವ ಬಂಡಿಯ ಓಬಯ್ಯ ಅದೇ ಹಟ್ಟಿಯವನು. ಅವನನ್ನು ಕೇಳಿದೆ.

"ಆ ಹೆಸರು ಇಲ್ಲಿ ಎತ್ತಬ್ಯಾಡ್ರಿ ಸೋಮಿ," ಎಂದ. "ದೇವ್ರ ಎತ್ತು ಇರೋ ಜಾಗ. ಕೋಳಿ ಕಾಲಿಟ್ರೆ ಹಟ್ಟಿಗೇ ಮೈಲಿಗೆ. ನಿಮ್ಗೆ ಎದ್ದೇಳಾಕೆ ಕೋಳಿ ಬೇಕಂದ್ರೆ ಹೇಳ್ರಿ, ನಾನೇ ಬಂದು ಕಾಲು ಹಿಡ್ದು ಎಳೀತೀನಿ."

ನಾನು ಇಲ್ಲಿಗೆ ಬಂದದ್ದು ಕಂಬಳಿ ವ್ಯಾಪಾರಿಯೊಬ್ಬರ ಗುಮಾಸ್ತನಾಗಿ. ಅದಕ್ಕೂ ಮೊದಲು ನಿಮ್ಮ ಈ ಪತ್ರಿಕೆಗೇ ವರದಿ ಬರೆಯುತ್ತಿದ್ದೆ. ಆ ಅಭ್ಯಾಸದಂತೆ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಹೇಳುತ್ತೇನೆ.

ಚಳ್ಳಕೆರೆಯಲ್ಲಿ ಮನೆ ಸಿಗುವುದು ಸುಲಭವಿರಲಿಲ್ಲ. ಕಿರಸ್ತಾನನೆಂದು ತಿಳಿದ ಕೂಡಲೇ ಖಾಲಿ ಮನೆಗಳಿಗೆಲ್ಲ ಇದ್ದಕ್ಕಿದ್ದಂತೆ ನೆಂಟರು ಬರತೊಡಗಿದರು. ಕೊನೆಗೆ ಪೇಟೆಯ ಅಂಚಿನಲ್ಲಿ ಒಂದು ಮಾಳಿಗೆ ಮನೆ ಸಿಕ್ಕಿತು. ನಮ್ಮ ಹಂಚಿನ ಇಳಿಜಾರು ಇದಕ್ಕಿಲ್ಲ. ಮೇಲೆ ಚಪ್ಪಟೆಯಾಗಿ ಮಣ್ಣು ಹಾಸಿರುತ್ತಾರೆ, ಚೇಳು ಅದರೊಳಗಿಂದಲೇ ಇಳಿಯುತ್ತದೆ. ನಮ್ಮಲ್ಲಿ ಮಳೆ ನಿಲ್ಲಲೆಂದು ಜಪ ಮಾಡುತ್ತೇವೆ, ಇಲ್ಲಿ ಮೋಡ ಕಂಡರೆ ಮಾತು ನಿಲ್ಲಿಸಿ ನೋಡುತ್ತಾರೆ. ಮೀನು ಎಂಬುದು ಕೆರೆ ತುಂಬಿದ ವರ್ಷದ ಸುದ್ದಿ. ನವಣೆ ಅನ್ನ ಮೊದಲ ತಿಂಗಳು ಗಂಟಲಲ್ಲಿ ನಿಲ್ಲುತ್ತಿತ್ತು. ನನ್ನ ಶಾಲೆಯ ಕನ್ನಡ ಕೇಳಿ ಸಂತೆಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮುದ್ದೆಯನ್ನು ಅಗಿಯದೆ ನುಂಗಿದ ದಿನ ಓಬಯ್ಯ, "ಈಗ ಅರ್ಧ ಮನುಷ್ಯ ಆದ್ರಿ," ಎಂದ. ಅಷ್ಟೇ ನನ್ನ ಗೆಲುವು.

ನನ್ನ ಕೊಂಕಣಿ ಅರ್ಥವಾಗುವ ಒಬ್ಬರೇ ಒಬ್ಬರು ಈ ಸೀಮೆಯಲ್ಲಿದ್ದರು, ಸಿಸ್ಟರ್ ಪಾವ್ಲಿನಾ. ಕರಾವಳಿಯ ಕನ್ಯಾಮಠವೊಂದರಿಂದ ಬಂದು, ಆ ಹಟ್ಟಿಯ ಆಚೆ ಎರಡು ಕೋಣೆ ಕಟ್ಟಿಸಿಕೊಂಡು ಔಷಧಿ ಕೊಡುತ್ತಿದ್ದರು. ಬೆರಳಲ್ಲಿ ಸದಾ ಜಪಸರ ಓಡುತ್ತಿದ್ದುದರಿಂದ ಜನ ಅವರನ್ನು ಜಪದವ್ವ ಎನ್ನುತ್ತಿದ್ದರು. ಅವರು ಸವಿಮಾತಿನವರಲ್ಲ. ನಾನು ಮಾತಿನ ಹಸಿವಿನಿಂದ ಅಷ್ಟು ದೂರ ಹೋದರೆ, "ಊರಿನ ಸುದ್ದಿ ಆಮೇಲೆ, ಮೊದಲು ನೀರು ಸೇದು," ಎನ್ನುತ್ತಿದ್ದರು. ಹಿತ್ತಲಲ್ಲಿ ಕೋಳಿ ಸಾಕಿದ್ದರು. ನಿತ್ರಾಣಗೊಂಡ ರೋಗಿಗಳಿಗೆ ಮೊಟ್ಟೆ ಬೇಯಿಸಿ ಕೊಡಲು. ಹಟ್ಟಿಯ ಹಿರಿಯರು ಬಂದು, ಕೋಳಿ ತೆಗೆಯಿರಿ ಎಂದು ಹೇಳಿ ಹೋಗಿದ್ದರು. ಅವರು ತೆಗೆಯಲಿಲ್ಲ.

ಒಂದು ಚಳಿಗಾಲ ಓಬಯ್ಯನ ತಂಗಿ ಬೋರಕ್ಕ ಹೆತ್ತಳು. ಹೆತ್ತವಳನ್ನು ಮೈಲಿಗೆ ಕಳೆಯುವ ತನಕ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಿಸುವುದು ಇಲ್ಲಿನ ಪದ್ಧತಿ. ಅನ್ನವನ್ನು ದೂರದಲ್ಲಿಟ್ಟು ಕೂಗಿ ಹೋಗುತ್ತಾರೆ. ಬೋರಕ್ಕನಿಗೆ ಜ್ವರ ಬಂತು. ಇಟ್ಟ ಅನ್ನದ ತನಕ ತೆವಳಲೂ ಆಗಲಿಲ್ಲ. ನಾಯಿ ತಿಂದವು. ಸಿಸ್ಟರ್ ಹೋಗಿ, ಯಾರನ್ನೂ ಕೇಳದೆ, ತಾಯಿ ಮಗು ಇಬ್ಬರನ್ನೂ ಹೊತ್ತು ತಂದರು. ಬೋರಕ್ಕ ಸಿಸ್ಟರ್ ಮನೆಯಲ್ಲಿ ಮಲಗಿದ್ದನ್ನು ನಾನು ಕಂಡಿದ್ದೇನೆ. ಗುಣವಾಗಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹಟ್ಟಿಯ ಕಡೆ ನಡೆದು ಹೋದದ್ದನ್ನೂ ಕಂಡಿದ್ದೇನೆ.

ಮುಂದಿನದು ಕೇಳಿದ್ದು. ಹಟ್ಟಿಯ ಬಾಗಿಲಲ್ಲೇ ಹಿರಿಯರು ಅವಳನ್ನು ತಡೆದು, ಅಲ್ಲಿ ಏನು ತಿಂದೆ ಎಂದು ಕೇಳಿದರು. ಬೋರಕ್ಕ ಹುಟ್ಟಿದಂದಿನಿಂದ ಮೊಟ್ಟೆ ಕಂಡವಳಲ್ಲ. "ಬೆಳ್ಳಗಿತ್ತು, ಮೆತ್ತಗಿತ್ತು. ಒಳಗೆ ಅರಿಶಿನದ ಉಂಡೆ ಇತ್ತು," ಎಂದು ಖುಷಿಯಿಂದಲೇ ಹೇಳಿದಳಂತೆ.

ಜಾತಿಗೆ ಮತ್ತೆ ಸೇರಿಸಿಕೊಳ್ಳಲು ಎಕ್ಕದ ಕಡ್ಡಿ ಕಾಸಿ ನಾಲಿಗೆಗೆ ತಾಗಿಸುತ್ತಾರೆ. ಅದನ್ನು ಓಬಯ್ಯನೇ ಬಂಡಿ ಹೊಡೆಯುತ್ತ ಹೇಳಿದ.

"ತಾಗ್ಸೋದು ಅಷ್ಟೇ ಸೋಮಿ, ಸುಡೋದಲ್ಲ. ಅವತ್ತು ಒತ್ತಿದ್ರು."

"ನೀನು ಎಲ್ಲಿದ್ದೆ?"

ಅವನು ಎತ್ತಿನ ಬಾಲ ತಿರುವಿದ. "ತಲೆ ಹಿಡ್ಕಂಡಿದ್ದು ನಾನೇ. ಹಿಡೀದಿದ್ರೆ ಕೂಸಿನ ಸಮೇತ ಹೊರಗೆ."

ಅದಾದ ಕೆಲವೇ ದಿನಕ್ಕೆ ಸಿಸ್ಟರ್ ಮನೆಯ ಜಾಲಿ ಬೇಲಿಗೆ ಅವರ ಕೋಳಿಗಳೆಲ್ಲ ಕತ್ತು ಮುರಿದು ನೇತಾಡುತ್ತಿದ್ದವು. ಹಟ್ಟಿಯವರು ಕೋಳಿ ಮುಟ್ಟುವುದಿಲ್ಲ. ಆ ಕೆಲಸಕ್ಕೆ ಹೊರಗಿನವರನ್ನು ಕರೆಸಿದ್ದರು. ನಾನು ಹೋದಾಗ ಸಿಸ್ಟರ್ ಪುಕ್ಕ ಕೀಳುತ್ತ ಕೂತಿದ್ದರು. "ಕತ್ತು ಮುರಿಯುವ ಕೆಲಸ ಉಳಿಸಿದರು. ಸಾರಿಗೆ ನೀರು ತಾ," ಎಂದರು. ನೀರು ತರಲು ಹೋದರೆ ಬಾವಿಯ ಹಗ್ಗ ಇರಲಿಲ್ಲ. ಅಂದಿನಿಂದ ಅವರಿಗೆ ಹಟ್ಟಿಯ ಬಾವಿ ಮುಚ್ಚಿತು, ರೋಗಿಗಳೂ ನಿಂತರು. ಮಠದಿಂದ ಹಿಂದಿರುಗಲು ಹೇಳಿಕೆ ಬಂತು. ಅಷ್ಟರಲ್ಲಿ ಮೊಳಕಾಲ್ಮೂರಿಗೆ ಪ್ಲೇಗ್ ಬಿದ್ದು, ನೇಕಾರರು ಮಗ್ಗ ಬಿಟ್ಟು ಹೊಲದ ಗುಡಿಸಲುಗಳಿಗೆ ಹೋಗಿದ್ದರು. ಸಿಸ್ಟರ್ ಕರಾವಳಿಗೆ ಹೋಗದೆ ಅಲ್ಲಿಗೆ ಹೋದರು, ಅಲ್ಲೇ ತೀರಿಕೊಂಡರು. ಹೆಣ ತರಲು ಯಾರೂ ಒಪ್ಪದಿದ್ದಾಗ ಬಂಡಿ ಕಟ್ಟಿದವನು ಓಬಯ್ಯ. ಅವರ ಹಿತ್ತಲಲ್ಲೇ, ಕೋಳಿಗೂಡು ಇದ್ದ ಕಡೆ, ನಾವಿಬ್ಬರೂ ಮಣ್ಣು ಮಾಡಿದೆವು.

ಮರುವರ್ಷ ಸುತ್ತಲಿನ ಹಳ್ಳಿಗಳಲ್ಲಿ ದನಗಳು ಕಾಲುಬಾಯಿ ಬೇನೆಯಿಂದ ಸತ್ತವು. ಈ ಹಟ್ಟಿಯಲ್ಲಿ ಸಾಯಲಿಲ್ಲವಂತೆ. ನಾನು ಕಂಡದ್ದಿಷ್ಟು: ಸಮಾಧಿಯ ಮೇಲೆ ಒಂದು ಕಲ್ಲು ನಿಂತಿತ್ತು, ಅದಕ್ಕೆ ಅರಿಶಿನ, ಕುಂಕುಮ, ಹಸಿರು ಬಳೆ. ಹೆಂಗಸರು ಅಲ್ಲಿನ ಮಣ್ಣನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಎತ್ತುಗಳ ಕೊರಳಿಗೆ ಹಾಕುತ್ತಿದ್ದರು.

"ಬದುಕಿದ್ದಾಗ ಒಂದು ಕೊಡ ನೀರು ಕೊಡಲಿಲ್ಲವಲ್ಲೋ," ಎಂದೆ ಓಬಯ್ಯನಿಗೆ.

"ಬದುಕಿದ್ದಾಗ ಮನುಷ್ಯಳು ಸೋಮಿ. ಈಗ ದೇವ್ರು. ದೇವ್ರಿಗೆ ಯಾವ ಮೈಲಿಗೆ ಐತೆ?"

ಹತ್ತು ಹನ್ನೆರಡು ವರ್ಷ ಕಳೆದವು. ಮೊಳಕಾಲ್ಮೂರಿನ ನೇಕಾರರ ಬಾಯಿಂದ ಸಿಸ್ಟರ್ ಹೆಸರು ಕರಾವಳಿ ಮುಟ್ಟಿ, ಅವರನ್ನು ಸಂತರೆಂದು ಸಾರಬಹುದೇ ಎಂದು ವಿಚಾರಿಸಲು ಪಾದ್ರಿಯೊಬ್ಬರು ಬಂದರು. ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ: ಸಂತ ಪದವಿಯ ದಾರಿಯಲ್ಲಿ ಸಾಕ್ಷಿ ಬೇಕು, ವೈದ್ಯಕ್ಕೆ ನಿಲುಕದ ಒಂದು ಪವಾಡ ಬೇಕು, ಮತ್ತು ರೋಮಿನಿಂದ ಅಪ್ಪಣೆ ಬರುವ ಮೊದಲು ಯಾರೂ ಅವರನ್ನು ಪೂಜಿಸಿರಬಾರದು. ಪಾದ್ರಿಗೆ ಇಲ್ಲಿನ ಮಾತು ಬಾರದ್ದರಿಂದ ನಾನು ದುಭಾಷಿಯಾದೆ. ಬೋರಕ್ಕನ ವಿಷಯ ಅವರಿಗೆ ನೇಕಾರರಿಂದಲೇ ತಿಳಿದಿತ್ತು. ಮೊಟ್ಟೆಯ ಸಂಗತಿ ನಾನು ತಿಳಿಸಿದೆ. "ಆ ಮಾತು ಬೇಡ," ಎಂದರು. "ತಿಂದು ಗುಣವಾದರೆ ಅದು ಪವಾಡವಲ್ಲ."

ಅಂದು ಹೊತ್ತು ತಂದ ಮಗುವಿಗೆ ಆಗ ಮದುವೆ ಗೊತ್ತಾಗಿತ್ತು, ವೀಳ್ಯ ಬದಲಾಗಿತ್ತು. ಗಂಡಿನವರು ಬೇರೆ ಹಟ್ಟಿಯವರು, ಅವರಿಗೆ ಹಳೆಯದು ತಿಳಿಯದು. ಕಿರಸ್ತಾನರ ಮನೆಯಲ್ಲಿ ಉಂಡದ್ದನ್ನು ಬೋರಕ್ಕ ಬಾಯಿ ಬಿಟ್ಟು ಹೇಳಿದರೆ ಆ ವೀಳ್ಯ ಹಿಂದಕ್ಕೆ ಬರುತ್ತಿತ್ತು. ವಿಚಾರಣೆಯ ದಿನ ಹಿರಿಯರು ಸುತ್ತ ಕೂತಿದ್ದರು. ಅವಳು ಮಗಳ ಕೈ ಹಿಡಿದುಕೊಂಡೇ ಕೂತಳು.

ಪಾದ್ರಿ ನನ್ನಿಂದ ಕೇಳಿಸಿದರು: ಈ ಸನ್ಯಾಸಿನಿಯ ಮನೆಯಲ್ಲಿ ನೀನು ಕಾಯಿಲೆಯಿಂದ ಮಲಗಿದ್ದೆಯಾ?

"ನಾಕು ತೆಲೀದು," ಎಂದಳು. ಮನೆಮಾತಾದ ತೆಲುಗಿನಲ್ಲಿ, ನನಗೆ ಗೊತ್ತಿಲ್ಲ ಎಂದು. ಕನ್ನಡ ಚೆನ್ನಾಗಿ ಬಲ್ಲವಳು.

ಹಾಗಾದರೆ ನಿನ್ನನ್ನು ಉಳಿಸಿದವರು ಯಾರು?

"ದೇವ್ರ ಎತ್ತು."

ಅವರನ್ನು ಕಂಡದ್ದಾದರೂ ಉಂಟೇ?

"ಕಲ್ಲಾಗಿ ಕಂಡೀನಿ. ಮನುಷ್ಯಳಾಗಿ ಕಂಡಿಲ್ಲ."

ಅವಳ ಮಾತು ತೊಡರುತ್ತಿದ್ದುದನ್ನು ಪಾದ್ರಿ ಗಮನಿಸಿದರು. ನಾಲಿಗೆಗೆ ಏನಾಯಿತೆಂದು ಕೇಳಿಸಿದರು.

"ಅಂಬ್ಲಿ ಬಿಸಿ ಇತ್ತು," ಎಂದಳು ಬೋರಕ್ಕ. ಹಿಂದೆ ನಿಂತಿದ್ದ ಓಬಯ್ಯ ನೆಲ ನೋಡುತ್ತಿದ್ದ. ನಾನು ಕಂಡದ್ದನ್ನೂ ಕೇಳಿದ್ದನ್ನೂ ಸೇರಿಸದೆ, ಅವಳು ಹೇಳಿದಷ್ಟನ್ನೇ ಕೊಂಕಣಿಗೆ ತಿರುಗಿಸಿದೆ.

ಸಾಕ್ಷಿ ಇಲ್ಲ, ಪವಾಡ ಇಲ್ಲ, ಪೂಜೆ ಮಾತ್ರ ಇದೆ ಎಂದು ಪಾದ್ರಿ ವಿಚಾರಣೆ ಮುಗಿಸಿದರು. ಅವರ ಬರಹದಲ್ಲಿ ಎಲ್ಲಿಯೂ ಕೋಳಿಯ ಹೆಸರಿಲ್ಲ. ಹೋಗುವ ಮೊದಲು ಸಮಾಧಿಯ ಕಲ್ಲು ಕಿತ್ತುಹಾಕಿಸಿದರು. ಸಾಗಿಸಲು ಓಬಯ್ಯನ ಬಂಡಿಯನ್ನೇ ಗೊತ್ತು ಮಾಡಿದರು. ಅವನು ಅದನ್ನು ದೂರ ಒಯ್ಯಲಿಲ್ಲ. ಈಗ ಆ ಕಲ್ಲು ಹಟ್ಟಿಯೊಳಗೆ, ದೇವರ ಎತ್ತುಗಳ ದೊಡ್ಡಿಯಲ್ಲಿ, ಕೋಳಿ ಕಾಲಿಡಬಾರದ ಜಾಗದಲ್ಲಿ ನಿಂತಿದೆ. ಬೋರಕ್ಕ ಪ್ರತಿದಿನ ಒಂದು ಕೊಡ ನೀರು ತಂದು ಅದರ ಮೇಲೆ ಸುರಿಯುತ್ತಾಳೆ. ಇದು ಕಂಡದ್ದು.

ಈ ಸಲ ಪವಿತ್ರ ವಾರಕ್ಕೆ ಊರಿಗೆ ಬಂದಿದ್ದೆ. ಇಗರ್ಜಿಯಲ್ಲಿ ಶಿಷ್ಯ ಪೇತ್ರನು ತನ್ನ ಗುರುವನ್ನು ಮೂರು ಸಲ ಅರಿಯೆನೆಂದ ಭಾಗವನ್ನು ಓದಿದರು. ಕೋಳಿ ಕೂಗಿತು, ಅವನು ಹೊರಗೆ ಹೋಗಿ ಅತ್ತನು. ಬಾಗಿಲಲ್ಲಿ ನೆಂಟರು ಸುತ್ತುವರಿದು, ನಮ್ಮ ಪಾವ್ಲಿನಾಳನ್ನು ಆ ಕಾಡುಜನ ಕೈಬಿಟ್ಟರಂತಲ್ಲ ಎಂದರು. ನಮ್ಮ ಎಂಬ ಮಾತಿಗೆ ತಲೆಯಾಡಿಸಿದೆ, ಕಾಡುಜನ ಎಂಬ ಮಾತಿಗೆ ಆಗಲಿಲ್ಲ. ಮರುದಿನ ನಸುಕಿನಲ್ಲಿ ಅಂಗಳದ ಹುಂಜ ಕೂಗಿತು. ಎಚ್ಚರವಾಗಿದ್ದರೂ ಏಳಲಿಲ್ಲ. ಯಾರಾದರೂ ಬಂದು ಕಾಲು ಹಿಡಿದು ಎಳೆಯುತ್ತಾರೆಂದು ಕಾಯುತ್ತ ಮಲಗಿದ್ದೆ.