ಹರಿಗೋಲಿನಲ್ಲಿ ಅರ್ಜಿ ಮಾಸ್ತರು

ಮುಧೋಳದಿಂದ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಕಬ್ಬಿನ ಹೊಲಗಳ ನಡುವೆ ಒಂದು ತಿರುವಿನಲ್ಲಿ ರಸ್ತೆ ರಿಪೇರಿ ನಡೆದಿತ್ತು. ಡ್ರಮ್ಮಿನಲ್ಲಿ ಡಾಂಬರು ಕಾಯುತ್ತಿತ್ತು. ಬಸ್ಸು ನಿಂತಿತು, ಆ ವಾಸನೆ ಒಳಗೆ ಬಂತು, ನನ್ನ ಎರಡೂ ಕೈಗಳು ತಾವಾಗಿಯೇ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡವು.

"ವಾಂತಿ ಬರಾಕತ್ತೈತೇನ ತಂಗಿ?" ಎಂದು ಪಕ್ಕದ ಹೆಂಗಸು ಕಿಟಕಿಯ ಗಾಜು ಸರಿಸಿದಳು. ಇಲ್ಲ ಎಂದೆ. ಬೇರೆ ಏನು ಹೇಳಲಿ? ಹರಿಗೋಲಿನ ತಳಕ್ಕೆ ಬಳಿಯುವುದೂ ಅದೇ ಡಾಂಬರು. ಬಿಸಿಲಿಗೆ ಅದು ಮೆತ್ತಗಾಗಿ ವಾಸನೆ ಬಿಡುತ್ತದೆ. ಆ ವಾಸನೆ ಮೂಗಿಗೆ ಬಿದ್ದರೆ ಕಾಲಡಿಗೆ ಇರುವುದು ನೆಲವೋ ನೀರೋ ಎಂದು ಇಂದಿಗೂ ನನಗೆ ಅನುಮಾನವಾಗುತ್ತದೆ...

ಅವತ್ತು ನಾನು ಹೊರಟಿದ್ದು ಅರ್ಜಿ ಮಾಸ್ತರ ಮನೆಗೆ. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿದಿತ್ತು.

ಅವರು ಯಾವ ಶಾಲೆಯಲ್ಲೂ ಮಾಸ್ತರಾಗಿರಲಿಲ್ಲ. ಜಮಖಂಡಿಯ ಹಳೆಯ ಮರಾಠಿ ಮಾತಿನ ಮನೆತನ. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಮೇಜುಗಳ ಆಫೀಸು. ಹಳ್ಳಿಗಳ ಸಂಘಗಳು, ಮಹಿಳಾ ಗುಂಪುಗಳು ಸರ್ಕಾರದಿಂದಲೋ ದೊಡ್ಡ ಊರಿನ ಟ್ರಸ್ಟುಗಳಿಂದಲೋ ಅನುದಾನ ಕೇಳಬೇಕಾದಾಗ ಯೋಜನೆ ರೂಪಿಸಿ ಬರೆದುಕೊಡುವುದು, ಅನುದಾನ ಬಂದ ಮೇಲೆ ಕೆಲಸ ಹಳಿ ತಪ್ಪದಂತೆ ಜೊತೆಗಿರುವುದು ಅವರ ವೃತ್ತಿ. ಟ್ರಸ್ಟಿನವರು ಅವರನ್ನು ಸಲಹೆಗಾರರು ಎನ್ನುತ್ತಿದ್ದರು, ಹಳ್ಳಿಯವರು ಅರ್ಜಿ ಮಾಸ್ತರು ಎನ್ನುತ್ತಿದ್ದರು. ಡಿಗ್ರಿ ಮುಗಿಸಿ ನಾನು ಅವರ ಸಹಾಯಕಿಯಾಗಿ ಸೇರಿದಾಗ ನಮ್ಮವ್ವ, "ಅರ್ಜಿ ಬರಿಯೂದೂ ಒಂದ ನೌಕರಿ ಏನ?" ಎಂದು ಮೂಗು ಮುರಿದಿದ್ದಳು.

ಬನಹಟ್ಟಿಯ ನೇಕಾರರ ಗುಂಪಿಗೆ ಬರೆದೆವು. ಮುಧೋಳದ ಕಡೆ ಬೇಟೆನಾಯಿ ಸಾಕುವವರ ಸಂಘಕ್ಕೂ ಬರೆದೆವು. ಆಗ ಕೆಳಗಿನ ಬಟ್ಟೆ ಅಂಗಡಿಯವರು ದಿನವೂ ಮೆಟ್ಟಿಲ ಬುಡದಲ್ಲಿ ನಿಂತು, "ಏನ್ರಿ ಮಾಸ್ತರ, ನಾಯಿ ಸಹಿ ಮಾಡಿದ್ವೋ ಹೆಬ್ಬಟ್ಟು ಒತ್ತಿದ್ವೋ?" ಎಂದು ಕೂಗುತ್ತಿದ್ದರು. ಮಾಸ್ತರು ಮೇಲಿನಿಂದಲೇ, "ಓದಿ ತೋರಿಸೇನ್ರಿ, ಇನ್ನೂ ಒಪ್ಪಿಲ್ಲ" ಎನ್ನುತ್ತಿದ್ದರು.

ಓದಿ ತೋರಿಸುವುದು ಅವರ ಕೆಲಸದ ಪದ್ಧತಿ. ಅರ್ಜಿ ಯಾವ ಭಾಷೆಯಲ್ಲಿ ಹೋಗಲಿ, ಕಳಿಸುವ ಮುಂಚೆ ಯಾರ ಹೆಸರಿನಲ್ಲಿ ಕೇಳುತ್ತೇವೋ ಅವರ ಓಣಿಗೆ ಹೋಗಿ, ಎಲ್ಲರನ್ನೂ ಕೂಡಿಸಿ, ಕನ್ನಡದಲ್ಲಿ ಸಾಲು ಸಾಲಾಗಿ ಓದುತ್ತಿದ್ದರು. ಬೇಸರ ಬರುವಂಥ, ಏರಿಳಿತವಿಲ್ಲದ ದನಿ. ಯಾರಿಗೆ ಯಾವ ಸಾಲು ಹಿಡಿಸದಿದ್ದರೂ "ಹೊಡದ ಹಾಕ್ರಿ" ಎನ್ನಬಹುದಿತ್ತು. ಚರ್ಚೆಯಾಗುತ್ತಿತ್ತು, ಜಗಳವೂ ಆಗುತ್ತಿತ್ತು. ಕೊನೆಗೆ ಓಣಿ ಹೇಳಿದಂತೆಯೇ ಆ ಸಾಲು ಹೋಗುತ್ತಿತ್ತು, ಅದು ಎಷ್ಟೇ ಚೆನ್ನಾಗಿರಲಿ.

ಹಾಗೆ ಒಮ್ಮೆ ಅನಗವಾಡಿಯ ಕಡೆ, ಕೃಷ್ಣಾ ಆಣೆಕಟ್ಟಿನ ಹಿನ್ನೀರಿನ ದಂಡೆಯ ಅಂಬಿಗರ ಓಣಿಯಲ್ಲಿ ಓದಿದೆವು. ಆಣೆಕಟ್ಟಿನ ನೀರು ಬಂದಾಗ ಅವರ ಹಳೆಯ ಮನೆಗಳು ಮುಳುಗಿ, ಮೇಲಿನ ದಿಬ್ಬಕ್ಕೆ ಬಂದು ನೆಲೆಸಿದವರು. ಸಂತೆ, ಹೈಸ್ಕೂಲು, ಬಸ್ಸು ಎಲ್ಲವೂ ಹಿನ್ನೀರಿನ ಆಚೆ. ಮೀನಿನ ಬುಟ್ಟಿ ಹೊತ್ತ ಹೆಂಗಸರೂ ಪಾಟಿಚೀಲ ಹೊತ್ತ ಮಕ್ಕಳೂ ಹಳೆಯ ಹರಿಗೋಲುಗಳಲ್ಲಿ ದಾಟುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದೇ, ಕಟಾಂಜನವಿರುವ, ಎಂಜಿನ್ನಿರುವ ಗಟ್ಟಿ ದೋಣಿ. ನದಿ ನಂಬಿದ ಮೂಲನಿವಾಸಿ ಸಮುದಾಯಗಳಿಗೆ ಅನುದಾನ ಕೊಡುತ್ತೇವೆ ಎಂದು ಒಂದು ಟ್ರಸ್ಟು ಅರ್ಜಿ ಕರೆದಿತ್ತು.

ಮೊದಲ ಸಾಲಿಗೇ ಓಣಿಯ ಹಿರಿಯಳು ಕೈ ಎತ್ತಿದಳು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು.

"ಮೂಲನಿವಾಸಿ ಅಂದ್ರ ಏನ್ರಿ?"

"ಮೊದಲಿಂದ ಇಲ್ಲೇ ಇದ್ದವರು ಅಂತ, ಆಯಿ."

"ಇಲ್ಲೆ ಎಲ್ಲಿ ಇದ್ವಿ? ನಾವು ಇದ್ದ ಜಾಗಾ ಅಲ್ಲಿ ತಳದಾಗ ಐತಿ. ಅದರ ಮ್ಯಾಲ ಈಗ ಮೀನ ಸಂಸಾರ ಮಾಡಾಕತ್ತಾವ."

ಎಲ್ಲರೂ ನಕ್ಕರು. ಮಾಸ್ತರೂ ನಕ್ಕು, ಅದನ್ನೇ ಬರೆದುಕೊಂಡರು. ಮುಂದಿನ ಸಾಲಿನಲ್ಲಿ "ದಿಕ್ಕುದೆಸೆಯಿಲ್ಲದ ಕಡುಬಡವರು" ಎಂದಿತ್ತು. ಅದು ನಾನು ಬರೆದದ್ದು. ಇಂಥ ಮಾತಿಗೆ ಟ್ರಸ್ಟಿನವರ ಮನಸ್ಸು ಕರಗುತ್ತದೆ ಎಂದು ತಿಳಿದಿದ್ದೆ.

"ನಮ್ಮನ್ನ ಇಷ್ಟ ಬಡವರ್ನ ಮಾಡಬ್ಯಾಡ್ರಿ ಮಾಸ್ತರ," ಎಂದಳು ಆಯಿ. "ನಾಳೆ ನಮ್ಮ ಹುಡುಗೂರಿಗೆ ಹೆಣ್ಣ ಕೊಡವ್ರು ಯಾರು? ಮೀನ ಹಿಡ್ಯಾಕ ಬರತೈತಿ, ಹರಗೋಲ ನಡಸಾಕ ಬರತೈತಿ, ಹರಗೋಲ ಹಳೇವ ಆಗ್ಯಾವ ಅಂತ ಬರೀರಿ. ಮುಗೀತಲ್ಲ."

ಆ ಸಾಲು ಹೋಯಿತು. ಅದರ ಜಾಗದಲ್ಲಿ ಮಾಸ್ತರು ಆ ಓಣಿಯ ಒಂದು ನಡೆಯನ್ನು ಬರೆದರು. ಹರಿಗೋಲಿಗೆ ಒಮ್ಮೆ ಕಾಲಿಟ್ಟವರನ್ನು ಅಲ್ಲಿನ ಅಂಬಿಗ ಇಳಿಯಿರಿ ಎನ್ನುವುದಿಲ್ಲ. ಹತ್ತಿದವರು ಯಾರೇ ಆಗಿರಲಿ, ಯಾವ ಜಾತಿಯೇ ಆಗಿರಲಿ, ಅವರನ್ನು ದಾಟಿಸಲೇಬೇಕು. ಇದನ್ನು ಓದಿದಾಗ ಯಾರೂ ಹೊಡೆದು ಹಾಕಿ ಎನ್ನಲಿಲ್ಲ. ಹುಟ್ಟು ಹಾಕುವ ಆಯಿಯ ಮಗ ತಲೆ ತಗ್ಗಿಸಿ ಮುಗುಳ್ನಕ್ಕ. ನಮಗೆಲ್ಲ ಅದು ಅರ್ಜಿಯ ಅತ್ಯಂತ ಚಂದದ ಸಾಲು ಎನಿಸಿತ್ತು...

ಶ್ರಾವಣದಲ್ಲಿ ಟ್ರಸ್ಟಿನ ಅಧಿಕಾರಿ ಸ್ಥಳ ನೋಡಲು ಬಂದರು. ಒಳ್ಳೆಯ ಮನುಷ್ಯ. ಕೆಟ್ಟವರೆಂದು ಹೇಳಲಾರೆ. ಹಿನ್ನೀರು ತುಂಬಿತ್ತು, ಗಾಳಿಯಿತ್ತು. ನೀರಿನ ಮಧ್ಯೆ ಓಣಿಯ ಮಹಿಳಾ ಗುಂಪಿನ ಎಲ್ಲ ಹೆಂಗಸರೂ ಒಂದೇ ಹರಿಗೋಲಿನಲ್ಲಿರುವ ಫೋಟೋ ಬೇಕು, ಮೇಲಿನವರಿಗೆ ಒಂದು ನೋಟದಲ್ಲಿ ಅರ್ಥವಾಗುತ್ತದೆ ಎಂದರು. ಮೊದಲು ಅವರು ಹತ್ತಿದರು. ಆಮೇಲೆ ಮಾಸ್ತರು, ನಾನು. ಆಯಿ ಹತ್ತಿದಳು. ಅತಿಥಿಗೆ ಆರತಿ ಎತ್ತಲು ತಂದಿದ್ದ ಪೂಜೆಯ ತಟ್ಟೆಗಳನ್ನು ಹಿಡಿದು ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ಅತಿಥಿಯ ಜೊತೆ ಫೋಟೋದಲ್ಲಿ ಇಲ್ಲದವರಿಗೆ ಮುಂದೆ ಬರುವ ದೋಣಿಯಲ್ಲೂ ಜಾಗ ಸಿಗಲಿಕ್ಕಿಲ್ಲ ಎಂಬ ಹೆದರಿಕೆ ಅವರಿಗೆ. ಆಯಿಯ ಮಗ ಹುಟ್ಟು ಹಿಡಿದು ನಿಂತು ನೀರಿನ ಮಟ್ಟ ನೋಡಿದ, ನಮ್ಮನ್ನು ನೋಡಿದ. ಅವನ ಬಾಯಿ ತೆರೆಯಿತು. ಆ ಬಾಯಿ ಮತ್ತೆ ಮುಚ್ಚಿಕೊಂಡದ್ದು ನನಗೆ ಈಗಲೂ ಕಾಣುತ್ತದೆ. ಇಳಿಯಿರಿ ಎನ್ನುವ ಮಾತು ಅವನ ನಾಲಿಗೆಗೆ ಬರುವಂತಿರಲಿಲ್ಲ. ಅವನು ಹುಟ್ಟು ಹಾಕಿದ.

ನಡುನೀರಿಗೆ ಬಂದಾಗ ಅಧಿಕಾರಿ ಎಲ್ಲರೂ ಚೌಕಟ್ಟಿನಲ್ಲಿ ಬರಲೆಂದು ಮೊಬೈಲ್ ಹಿಡಿದು ಎದ್ದು ನಿಂತರು. ಗಾಳಿ ಬೀಸಿದ್ದು ಆಗಲೇ. ಹರಿಗೋಲು ವಾಲಿತು. ಅವರು ಮುಗ್ಗರಿಸಿದರು. ಅವರನ್ನು ಹಿಡಿಯಲು ಇಬ್ಬರು ಎದ್ದರು, ಆ ಇಬ್ಬರನ್ನು ಹಿಡಿಯಲು ಮತ್ತಷ್ಟು ಜನ. ಅಂಚು ತಗ್ಗಿ ನೀರು ಒಳಗೆ ಬಂತು. ತಣ್ಣಗಿನ, ಕೆಂಪು ನೀರು. "ಕುಂದರ್ರಿ, ಕುಂದರ್ರಿ" ಎಂದು ಆಯಿಯ ಮಗ ಕಿರುಚುತ್ತಿದ್ದ. ಅವನು ಕಿರುಚಿದಷ್ಟೂ ಜನ ಏಳುತ್ತಿದ್ದರು. ನನಗೆ ಈಜು ಬರುವುದಿಲ್ಲ. ಮಾಸ್ತರಿಗೂ ಬರುತ್ತಿರಲಿಲ್ಲ. ಇನ್ನೊಂದು ಸಲ ವಾಲಿದರೆ ಮುಗಿಯಿತು ಎಂದು ಗೊತ್ತಾಯಿತು. ಎರಡೂ ಕೈಗಳಿಂದ ಹರಿಗೋಲಿನ ಅಂಚನ್ನು ಹಿಡಿದುಕೊಂಡೆ.

ಆಗ ಆ ದನಿ ಕೇಳಿಸಿತು. ಬೇಸರ ಬರುವಂಥ, ಏರಿಳಿತವಿಲ್ಲದ ದನಿ. ಮಾಸ್ತರು ಸೊಂಟದವರೆಗೆ ತೊಯ್ದು, ತಳದಲ್ಲಿ ಕೂತು, ಕೈಯಲ್ಲಿ ಕಾಗದವೇ ಇಲ್ಲದೆ ಅರ್ಜಿ ಓದುತ್ತಿದ್ದರು.

"ಈ ಓಣಿಯ ಜನರು ದಿಕ್ಕುದೆಸೆಯಿಲ್ಲದ ಕಡುಬಡವರು. ಇವರಿಗೆ ತಮ್ಮ ಕಸುಬೂ ಸರಿಯಾಗಿ ಬರುವುದಿಲ್ಲ."

ಆಯಿ ಗಕ್ಕನೆ ತಿರುಗಿದಳು. "ಏನಂದ್ರಿ ಮಾಸ್ತರ?"

"ಇಲ್ಲಿಯ ಹೆಣ್ಣುಮಕ್ಕಳಿಗಂತೂ ನೀರಿನ ಗಂಧಗಾಳಿ ಗೊತ್ತಿಲ್ಲ."

"ಅದನ್ನ ಹೊಡದ ಹಾಕ್ರಿ! ಹೊಡದ ಹಾಕ್ರಿ ಅಂತೀನಿ!"

"ಮೊದ್ಲ ಕೂಡ್ರಿ ಆಯಿ. ಕೂತ ಹೇಳಿದ್ರಷ್ಟ ಹೊಡದ ಹಾಕ್ತೀನಿ. ಓದೂ ಮುಂದ ಯಾರೂ ನಿಂದ್ರಬಾರದು, ಅದು ನಮ್ಮ ಪದ್ಧತಿ ಅದ."

ಆಯಿ ಧಪ್ಪನೆ ಕೂತಳು. ಪಕ್ಕದವಳ ಸೀರೆ ಹಿಡಿದು ಜಗ್ಗಿ ಕೂಡಿಸಿದಳು. "ಕುಂದರಬೇ, ಏನೇನ ಬರದಾರೋ ಕೇಳೂಣು" ಎಂದು ಇನ್ನೊಬ್ಬಳನ್ನು ಕೂಡಿಸಿದಳು. ಅಧಿಕಾರಿಯ ಅಂಗಿಗೂ ಕೈ ಹಾಕಿ, "ನೀವೂ ಕುಂದರ್ರಿ ಸಾಹೇಬ್ರ, ಇದೇನ ಬಸ್ ಸ್ಟ್ಯಾಂಡ ಅಲ್ಲ" ಎಂದಳು. ಹರಿಗೋಲು ಒಂದು ಸುತ್ತು ತಿರುಗಿ ನಿಂತಿತು.

"ಇವರಿಗೆ ಒಳಗೆ ಬಂದ ನೀರು ಹೊರಗೆ ಚೆಲ್ಲುವುದೂ ಬರುವುದಿಲ್ಲ" ಎಂದು ಮಾಸ್ತರು ಓದಿದರು.

"ಹಾಟ್ಯಾನ ಮಾತ!" ಎಂದು ಬೈಯುತ್ತ ಹೆಂಗಸರು ಪೂಜೆಯ ತಟ್ಟೆಗಳಿಂದ ನೀರು ಮೊಗೆಯತೊಡಗಿದರು. ಒಬ್ಬಳು ಅಳುತ್ತಿದ್ದಳು, ಅಳುತ್ತಲೇ ಬೈಯುತ್ತಿದ್ದಳು, ಬೈಯುತ್ತಲೇ ಮೊಗೆಯುತ್ತಿದ್ದಳು. ದಂಡೆ ಮುಟ್ಟುವವರೆಗೂ ಮಾಸ್ತರು ಓದಿದರು. ಅಷ್ಟು ಸುಳ್ಳನ್ನು ಅವರು ಜನ್ಮದಲ್ಲಿ ಎಂದೂ ಬರೆದಿರಲಿಲ್ಲ.

ಆಮೇಲೆ ಕಂಬಳಿ ಹೊದ್ದು ಚಹಾ ಕುಡಿಯುತ್ತ ಅಧಿಕಾರಿ, "ಇವತ್ತು ಆದದ್ದನ್ನೇ ಬರೆಯಿರಿ. ದೋಣಿ ಕೊಡಲು ಇದಕ್ಕಿಂತ ಗಟ್ಟಿ ಕಾರಣ ಬೇಕೇ?" ಎಂದರು. ಮಾಸ್ತರು ಬರೆದರು. ಕಳಿಸುವ ಮುಂಚೆ ಮತ್ತೆ ಓಣಿಗೆ ಹೋಗಿ ಓದಿದರು. ಆಯಿಯ ಮಗ ಎದ್ದು ಹೊರಗೆ ಹೋದ. ಆಯಿ ಅವನು ಹೋದ ಕಡೆ ನೋಡಿ, "ಹೊಡದ ಹಾಕ್ರಿ" ಎಂದಳು. "ನನ್ನ ಮಗನ ಹರಗೋಲದಾಗ ಮಂದಿ ಮುಳಗಾಕ ಹತ್ತಿದ್ರು ಅಂತ ಕಾಗದದ ಮ್ಯಾಲ ಬಂದ್ರ, ಅಂವ ಮತ್ತ ಹುಟ್ಟ ಹಿಡ್ಯಾಂಗಿಲ್ರಿ."

ನಾನು ಮಾಸ್ತರ ಮುಖ ನೋಡಿದೆ. ಆ ಸಾಲಿನ ಮೇಲೆ ದೋಣಿ ನಿಂತಿತ್ತು. ಅವರು ಪೆನ್ನು ತೆಗೆದು ಅದನ್ನು ಹೊಡೆದು ಹಾಕಿದರು.

ಅನುದಾನ ಬರಲಿಲ್ಲ. ತುರ್ತು ಅಗತ್ಯ ಕಂಡುಬಂದಿಲ್ಲ ಎಂಬ ಉತ್ತರ ಬಂತು. ಅಧಿಕಾರಿ ತಾವು ಬಹಳ ಹೇಳಿ ನೋಡಿದೆವೆಂದು ಫೋನ್ ಮಾಡಿದರು, ಇದ್ದರೂ ಇರಬಹುದು. ನನಗೆ ಸಿಟ್ಟು ಬಂದಿತ್ತು. ಮಾಸ್ತರು ಮಾತ್ರ, "ಗಟ್ಟಿ ಕಾರಣ ನಾವ ಹೊಡದ ಹಾಕೀವಿ. ಇನ್ನೊಂದ ಹುಡಕೋಣು ತಗೋ" ಎಂದು ಹೊಸ ಹಾಳೆ ತೆಗೆದರು. ಹೊಡೆದು ಹಾಕಿದ ಸಾಲನ್ನು ಬೇರೆ ಅರ್ಜಿಗೂ ಸೇರಿಸಲಿಲ್ಲ. ಮರುವರ್ಷ ಬೇರೊಂದು ಕಡೆಯಿಂದ ದೋಣಿ ಬಂತು. ಆಯಿಯ ಮಗನೇ ಅದನ್ನು ನಡೆಸುತ್ತಾನೆ. ಈಗ ಆ ಓಣಿಯಲ್ಲಿ ಹರಿಗೋಲಿನ ಕತೆ ನಗೆಯ ಕತೆ. ಮಾಸ್ತರು ಓದಿದ ಸುಳ್ಳುಗಳಿಗೆ ಪ್ರತಿ ಸಲ ಇನ್ನೊಂದು ಸೇರುತ್ತದೆಯಂತೆ.

ಮಾಸ್ತರೂ ನಾನೂ ಆ ದಿನದ ಬಗ್ಗೆ ಮಾತಾಡಲಿಲ್ಲ. ಎದುರುಬದುರು ಮೇಜಿನಲ್ಲಿ ವರ್ಷಗಟ್ಟಲೆ ಕೂತೆವು. ತೇರದಾಳದ ರೈತರಿಗೆ, ರಬಕವಿಯ ನೇಕಾರರಿಗೆ ಬರೆದೆವು. ಕೆಲಸದ ನಡುವೆ ಎಷ್ಟೋ ಸಲ ಆ ಕೆಂಪು ನೀರು ನನ್ನ ಮುಂದೆ ಬರುತ್ತಿತ್ತು. ತಲೆಯೆತ್ತಿದರೆ ಅವರು ಶಾಂತವಾಗಿ ಬರೆಯುತ್ತಿರುತ್ತಿದ್ದರು. ಇಷ್ಟು ಗಟ್ಟಿ ಎದೆಯವರ ಮುಂದೆ ನನ್ನ ಅಂಜಿಕೆ ಏನೆಂದು ಹೇಳುವುದು... ಬಾಯಿಗೆ ಬಂದ ಮಾತು ನುಂಗಿಕೊಂಡು ನಾನೂ ಬರೆಯುತ್ತಿದ್ದೆ. ಆಮೇಲೆ ಮುಧೋಳದಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತು. ಫೋನಿನಲ್ಲಿ ಮಾತಾಡುತ್ತಿದ್ದೆವು, ಬರಬರುತ್ತ ಹಬ್ಬಕ್ಕೆ ಮಾತ್ರ.

ಬಸ್ಸು ಜಮಖಂಡಿ ತಲುಪಿತು. ಮಾಸ್ತರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಬಾಗಿಲು ತೆರೆದು, "ಬಾ ಒಳಗ. ಸೊರಗಿಯಲ್ಲ" ಎಂದರು. ಅವಲಕ್ಕಿ ಕೊಟ್ಟರು. ಕಡೆಯ ದಿನಗಳ ಕಾಯಿಲೆಯ ಬಗ್ಗೆ ಹೇಳಿದರು. ತಟ್ಟೆ ಒಳಗಿಟ್ಟು ಬಂದು ನನ್ನ ಎದುರು ಕೂತು ಕೇಳಿದರು.

"ನಿನಗ ಗೊತ್ತಿದ್ರೂ ಇರಬಹುದು. ನಿದ್ದ್ಯಾಗ ಬಡಬಡಸ್ತಿದ್ರು. ಕೂಡ್ರಿ, ಕೂಡ್ರಿ ಅಂತ ಚೀರತಿದ್ರು, ಮೈಯೆಲ್ಲ ಬೆವರು. ಒಂದ ದಿನ ಅಲ್ಲ, ಎರಡ ದಿನ ಅಲ್ಲ, ಎಷ್ಟ ವರ್ಷ. ಯಾರಿಗೆ ಕೂಡ್ರಿ ಅಂತೀರಿ ಅಂದ್ರ, ಆಫೀಸಿಗೆ ಬಂದವರಿಗೆ ಕುರ್ಚಿ ಕೊಡ್ಲಿಕ್ಕತ್ತಿದ್ದೆ ಅಂತ ನಗಸಿಬಿಡತಿದ್ರು. ಏನಾಗಿತ್ತ ಅವರಿಗೆ?"

ನಾನು ಹೇಳಿದೆ. ಗಾಳಿ, ಅಂಚು, ನೀರು, ಆಯಿ, ತಟ್ಟೆಗಳು. ಆ ದಿನವನ್ನು ಮೊದಲಿಂದ ಕೊನೆಯವರೆಗೆ ಯಾರ ಮುಂದಾದರೂ ಹೇಳಿದ್ದು ನನಗೆ ಅದೇ ಮೊದಲು. ಅವರು ಸೆರಗಿನ ತುದಿ ಸುತ್ತುತ್ತ ಕೇಳಿಸಿಕೊಂಡರು.

"ಅಂಜಿದ್ರೇನು ಅವರು?"

ಆ ನಿದ್ದೆಯ ಮಾತು ತಿಳಿಯುವ ಮುಂಚೆ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ.

"ಹೌದ್ರಿ ಕಾಕು, ಅಂಜಿದ್ರು," ಎಂದೆ. "ನಾನೂ ಅಂಜೀನ್ರಿ. ಇನ್ನೂ ಅಂಜತೀನಿ."

ಕಾಕು ನನ್ನ ಕೈ ಹಿಡಿದುಕೊಂಡರು. ಆ ಮಾತು ಕೇಳಿಸಿಕೊಳ್ಳಬೇಕಾಗಿದ್ದವರು ಎದುರು ಮೇಜಿನಲ್ಲೇ ಅಷ್ಟು ವರ್ಷ ಕೂತಿದ್ದರು.